ಬಿಳಿ ಮಣ್ಣು, ನೀಲಿ ಸೊಪ್ಪು: ಮಾಯಾ ಜನರ ಮಾಸದ ಬಣ್ಣ



ಮನೆಗೆ ಸುಣ್ಣ ಬಳಿಯುವಾಗ ಒಂದು ಚಿಟಿಕೆ ನೀಲಿ ಸೇರಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಉಂಟು. ಒಗೆದ ಬಿಳಿ ಪಂಚೆಯನ್ನು ನೀಲಿ ನೀರಿನಲ್ಲಿ ಅದ್ದಿ ಒಣಗಹಾಕುವುದೂ ಉಂಟು. ಈಗ ಅಂಗಡಿಯಲ್ಲಿ ಸಿಗುವ ಆ ನೀಲಿ ಕಾರ್ಖಾನೆಯ ಸರಕು. ಅದಕ್ಕೂ ಹಿಂದೆ ನೀಲಿ ಎಂದರೆ ಹೊಲದಲ್ಲಿ ಬೆಳೆದ ಗಿಡದ ಸೊಪ್ಪಿನಿಂದ ತೆಗೆದ ಬಣ್ಣ. ಸೊಪ್ಪಿನ ನೀಲಿ ಬಟ್ಟೆಗೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದನ್ನೇ ಗೋಡೆಗೆ ಬಳಿದು ಬಿಸಿಲಿಗೆ ಬಿಟ್ಟರೆ ದಿನ ಕಳೆದಂತೆ ಮಾಸುತ್ತದೆ. ಗಿಡದಿಂದ ಬಂದ ಬಣ್ಣಗಳಲ್ಲಿ ಬಹುಪಾಲಿನ ಹಣೆಬರಹವೇ ಅದು.

ಹೀಗಿರುವಲ್ಲಿ, ಇದೇ ಸೊಪ್ಪಿನ ನೀಲಿಯಿಂದ ಬರೆದ ಚಿತ್ರಗಳು ಸಾವಿರ ವರ್ಷಗಳಿಗೂ ಹೆಚ್ಚು ಕಾಲ, ಮಳೆ ಸುರಿಯುವ ಕಾಡಿನ ನಡುವೆ, ಬಣ್ಣ ಕೆಡದೆ ನಿಂತಿವೆ ಎಂದರೆ ನೀವು ನಂಬುವಿರಾ? ಮೆಕ್ಸಿಕೋ ದೇಶದ ಬೊನಾಂಪಾಕ್ ಎಂಬಲ್ಲಿ ಮೂರು ಕೋಣೆಗಳ ಒಂದು ಚಿಕ್ಕ ಗುಡಿ ಇದೆ. ಅದರ ಗೋಡೆಗಳ ಮೇಲೆ ಕ್ರಿ.ಶ. 790ರ ಸುಮಾರಿಗೆ ಬರೆದ ಚಿತ್ರಗಳಿವೆ. ಹೊರಗಿನ ಜನ ಅವನ್ನು ಕಂಡದ್ದು 1946ರಲ್ಲಿ. ಚಿತ್ರದ ಹಿಂಬದಿಯ ಆಕಾಶ ಆಗಲೂ ನೀಲಿಯಾಗಿಯೇ ಇತ್ತು. ಆ ಚಿತ್ರ ಬರೆದವರು ಮಾಯಾ ಎಂಬ ಜನ. ಆ ಬಣ್ಣಕ್ಕೆ ಇಂದಿನವರು ಇಟ್ಟಿರುವ ಹೆಸರು ಮಾಯಾ ನೀಲಿ. ಅದರಲ್ಲಿ ಇರುವುದು ಎರಡೇ ವಸ್ತು: ನೀಲಿ ಸೊಪ್ಪಿನ ಬಣ್ಣ ಮತ್ತು ಒಂದು ಬಗೆಯ ಬಿಳಿ ಮಣ್ಣು.

ಮಾಯಾ ಜನ ನಮ್ಮ ಹಾಗೆಯೇ ಒಕ್ಕಲುತನದವರು. ನಾವು ಬೆಳೆಯುವ ಮುಸುಕಿನ ಜೋಳವೂ ಅಡಿಗೆಗೆ ಹಾಕುವ ಮೆಣಸಿನಕಾಯಿಯೂ ಮೂಲದಲ್ಲಿ ಮೆಕ್ಸಿಕೋ ಕಡೆಯ ಬೆಳೆಗಳೇ ಎಂಬುದನ್ನು ಇಲ್ಲಿ ನೆನೆಯಬಹುದು. ಅವರ ಸಂತತಿಯವರು ಇಂದಿಗೂ ಅಲ್ಲಿಯ ಯುಕಟಾನ್ ಪ್ರಾಂತದಲ್ಲಿ ಜೋಳ, ಹುರುಳಿಜಾತಿಯ ಕಾಳು, ಕುಂಬಳ ಇವನ್ನು ಒಂದೇ ಹೊಲದಲ್ಲಿ ಬೆಳೆಯುತ್ತಾರೆ. ಆ ನಾಡಿನ ನೆಲ ಸುಣ್ಣಕಲ್ಲಿನದು. ಬಿದ್ದ ಮಳೆ ಕಲ್ಲಿನ ಸಂದಿಯಲ್ಲಿ ಇಳಿದುಹೋಗುವುದರಿಂದ ಉತ್ತರ ಭಾಗದಲ್ಲಿ ಹೊಳೆಗಳೇ ಇಲ್ಲ. ಅಲ್ಲಲ್ಲಿ ನೆಲ ಕುಸಿದು ದೊಡ್ಡ ಬಾವಿಯಂತಾಗಿ ಒಳಗಿನ ನೀರು ಕಾಣುತ್ತದೆ. ಇಂಥ ಬಾವಿಗೆ ಅಲ್ಲಿ ಸೆನೋಟೆ ಎನ್ನುತ್ತಾರೆ. ಮಳೆಗಾಲ ತಪ್ಪಿದರೆ ಬೆಳೆ ತಪ್ಪಿತು. ಆದುದರಿಂದ ಅವರ ಮಳೆದೇವರಾದ ಚಾಕ್‌ಗೆ ಬಹಳ ಮಾನ್ಯತೆ. ಆ ದೇವರ ಬಣ್ಣವೇ ಈ ನೀಲಿ.

ಚಿಚೆನ್ ಇಟ್ಜಾ ಎಂಬ ಹಳೆಯ ಪಟ್ಟಣದಲ್ಲಿ ಪವಿತ್ರ ಸೆನೋಟೆ ಎಂದು ಕರೆಯುವ ಬಾವಿ ಇದೆ. ಮಳೆಗಾಗಿ ಅದರೊಳಕ್ಕೆ ಮಡಕೆ, ಧೂಪ, ಒಡವೆಗಳನ್ನು ಹಾಕುತ್ತಿದ್ದರು. ಮನುಷ್ಯರನ್ನೂ ಬಲಿಕೊಡುತ್ತಿದ್ದರು. ಬಲಿಯಾಗುವವರ ಮೈಗೆ ನೀಲಿ ಬಳಿಯುತ್ತಿದ್ದರೆಂದು 16ನೇ ಶತಮಾನದಲ್ಲಿ ಅಲ್ಲಿದ್ದ ಸ್ಪೇನಿನ ಪಾದ್ರಿ ಡಿಯೆಗೊ ಡೆ ಲಾಂಡಾ ಬರೆದಿಟ್ಟಿದ್ದಾನೆ. ಮಳೆ ಬಾರದ ವರ್ಷ ಒಕ್ಕಲಿಗನ ಎದೆ ಹೇಗೆ ಒಣಗುತ್ತದೆಂಬುದು ನಿಮಗೆ ಹೇಳಬೇಕಾದ್ದಿಲ್ಲ. ಆದರೂ ಆ ಬಲಿ ಘೋರವಾದದ್ದೇ. 1904ರಿಂದ ಆ ಬಾವಿಯ ಹೂಳನ್ನು ಎತ್ತಿಸಿದಾಗ, ತಳದಲ್ಲಿ ಸುಮಾರು 14 ಅಡಿ ದಪ್ಪದ ನೀಲಿ ಕೆಸರು ಸಿಕ್ಕಿತು. ನೀರಿಗೆ ಹಾಕಿದ ವಸ್ತುಗಳಿಂದ ಬಣ್ಣ ಕಳಚಿ ತಳಕ್ಕೆ ಇಳಿದಿತ್ತು. ಕಳಚಿತೇ ಹೊರತು ಕೆಡಲಿಲ್ಲ. ಶತಮಾನಗಳ ಕಾಲ ನೀರಿನಲ್ಲಿ ನೆನೆದರೂ ಅದು ನೀಲಿಯಾಗಿಯೇ ಉಳಿದಿತ್ತು.

ಸೊಪ್ಪಿನಲ್ಲಿ ನೀಲಿ ಎಲ್ಲಿದೆ?

ನೀಲಿ ಗಿಡವನ್ನು ನೋಡಿದವರಿಗೆ ಗೊತ್ತು, ಅದರ ಎಲೆ ಎಲ್ಲ ಎಲೆಗಳ ಹಾಗೆ ಹಸಿರೇ. ಮುರಿದು ನೋಡಿದರೆ ನೀಲಿಯ ಸುಳಿವೂ ಕಾಣದು. ನಮ್ಮ ದೇಶದ ನೀಲಿ ಗಿಡ ಒಂದು ಜಾತಿ, ಮಾಯಾ ನಾಡಿನದು ಅದರ ದಾಯಾದಿ ಜಾತಿ. ಎರಡೂ ತೊಗರಿ, ಹುರುಳಿಗಳಂತೆ ದ್ವಿದಳ ಕುಲದವು. ಎರಡರಿಂದಲೂ ಬಣ್ಣ ತೆಗೆಯುವ ಕ್ರಮ ಹೆಚ್ಚುಕಡಿಮೆ ಒಂದೇ.

ಹೂ ಬಿಡುವ ಹೊತ್ತಿಗೆ ಗಿಡ ಕೊಯ್ದು, ಸೊಪ್ಪನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ, ಮೇಲೇಳದಂತೆ ಭಾರ ಹೇರುತ್ತಾರೆ. ಹಲವು ಗಂಟೆಗಳಲ್ಲಿ ಅದು ಹುಳಿಯಲು ತೊಡಗಿ, ನೀರು ಹಳದಿಮಿಶ್ರಿತ ಹಸಿರಾಗುತ್ತದೆ. ಎಲೆಯಲ್ಲಿದ್ದ ಬಣ್ಣವಿಲ್ಲದ ಒಂದು ಸತ್ವ ಆಗ ಒಡೆದು ನೀರಿಗೆ ಬಂದಿರುತ್ತದೆ. ಆ ನೀರನ್ನು ಬೇರೆ ತೊಟ್ಟಿಗೆ ಹರಿಸಿ, ಕೋಲಿನಿಂದಲೋ ಕಾಲಿನಿಂದಲೋ ಬಡಿದು ಕಲಕಬೇಕು. ಈ ಬಡಿತ ಗಾಳಿ ತುಂಬುವುದಕ್ಕಾಗಿ. ಗಾಳಿಯಲ್ಲಿನ ಆಮ್ಲಜನಕ ತಾಗಿದೊಡನೆ ನೊರೆ ನೀಲಿಯಾಗುತ್ತದೆ, ನೀರು ನೀಲಿಯಾಗುತ್ತದೆ, ಕೊನೆಗೆ ತಳದಲ್ಲಿ ನೀಲಿ ಗಸಿ ನಿಲ್ಲುತ್ತದೆ. ಗಸಿಯನ್ನು ಸೋಸಿ, ಕಾಯಿಸಿ, ಹಿಂಡಿ, ಬಿಲ್ಲೆ ಕತ್ತರಿಸಿ ನೆರಳಲ್ಲಿ ಒಣಗಿಸಿದರೆ ಪೇಟೆಗೆ ಹೋಗುವ ನೀಲಿ ಸಿದ್ಧ. ಈ ನೀಲಿ ನೀರಿನಲ್ಲಿ ಕರಗದು. ಆದರೆ ಬಿಸಿಲು ಅದನ್ನು ನಿಧಾನವಾಗಿ ತಿನ್ನುತ್ತದೆ, ತೀಕ್ಷ್ಣ ಆಮ್ಲ ಬಿದ್ದರಂತೂ ಕೂಡಲೆ ಕೆಡುತ್ತದೆ.

ವಿಜ್ಞಾನಿಗಳನ್ನು ಬಹುಕಾಲ ದಾರಿ ತಪ್ಪಿಸಿದ್ದು ಇದೇ. 1931ರಲ್ಲಿ ಮರ್ವಿನ್ ಎಂಬ ವಿಜ್ಞಾನಿ ಚಿಚೆನ್ ಇಟ್ಜಾದ ಗೋಡೆಚಿತ್ರಗಳ ನೀಲಿಯನ್ನು ಪರೀಕ್ಷಿಸಿದ. ನೈಟ್ರಿಕ್ ಆಮ್ಲ ಹಾಕಿದರೂ ಬಣ್ಣ ಹೋಗಲಿಲ್ಲ. ಆಮ್ಲಕ್ಕೂ ಜಗ್ಗದ್ದು ಸೊಪ್ಪಿನ ಬಣ್ಣವಾಗಿರಲಾರದು, ಕಲ್ಲಿನದೋ ಲೋಹದ್ದೋ ಆಗಿರಬೇಕೆಂದು ಜನ ಎಣಿಸಿದರು. ಇತರ ದೇಶಗಳ ಹಳೆಯ ನೀಲಿಗಳಲ್ಲಿ ತಾಮ್ರ ಇರುವುದುಂಟು. ಇದರಲ್ಲಿ ನೀಲಿ ಬಣ್ಣ ಕೊಡುವಷ್ಟು ತಾಮ್ರ ಸಿಗಲಿಲ್ಲ. 1942ರಲ್ಲಿ ಗೆಟೆನ್ಸ್ ಮತ್ತು ಸ್ಟೌಟ್ ಎಂಬಿಬ್ಬರು ಇದಕ್ಕೆ ಮಾಯಾ ನೀಲಿ ಎಂಬ ಹೆಸರನ್ನು ಬಳಕೆಗೆ ತಂದರು. ಅದರಲ್ಲಿ ಪಾಲಿಗೋರ್ಸ್ಕೈಟ್ ಎಂಬ ಜೇಡಿ ಇದೆಯೆಂಬುದು 1950ರ ದಶಕದಲ್ಲಿ ತಿಳಿಯಿತು. ಆದರೆ ಆ ಜೇಡಿ ಬಿಳಿಯದು. ಹಾಗಾದರೆ ನೀಲಿ ಎಲ್ಲಿಂದ ಬಂತು? ಜೇಡಿಗೆ ಗಿಡದ ಬಣ್ಣ ಹಿಡಿದಿರಬಹುದೆಂದು 1962ರಲ್ಲಿ ಆನಾ ಶೆಪರ್ಡ್ ಸೂಚಿಸಿದಳು. 1966ರಲ್ಲಿ ವಾನ್ ಆಲ್ಫೆನ್ ಎಂಬ ಜೇಡಿತಜ್ಞ ಅದನ್ನು ಮಾಡಿಯೇ ತೋರಿಸಿದ. ಅಲ್ಪ ಪ್ರಮಾಣದ ನೀಲಿಯನ್ನು ಈ ಜೇಡಿಯೊಂದಿಗೆ ಬೆರೆಸಿ ಹದವಾಗಿ ಕಾಯಿಸಿದಾಗ, ಆಮ್ಲಕ್ಕೂ ಕೆಡದ ಬಣ್ಣ ಬಂದಿತು. ಬೇರೆ ಸಾಮಾನ್ಯ ಜೇಡಿಗಳೊಂದಿಗೆ ಮಾಡಿದಾಗ ಬರಲಿಲ್ಲ. ಮೊದಲ ಪರೀಕ್ಷೆಯಿಂದ ಇಲ್ಲಿಗೆ 35 ವರ್ಷಗಳಾಗಿದ್ದವು.

ಕುಂಬಾರರಿಗೆ ಗೊತ್ತಿದ್ದ ಮಣ್ಣು

ಈಗ ನಾವು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರೋಣ. ಮೇಲೆ ಹೇಳಿದ್ದೆಲ್ಲ ಪ್ರಯೋಗಶಾಲೆಯ ಕಥೆ. ಇದೇ ಕಾಲದಲ್ಲಿ, 1965ರಲ್ಲಿ, ಡೀನ್ ಅರ್ನಾಲ್ಡ್ ಎಂಬ ವಿದ್ಯಾರ್ಥಿ ಯುಕಟಾನಿನ ಟಿಕುಲ್ ಎಂಬ ಊರಿಗೆ ಹೋಗಿ ಅಲ್ಲಿಯ ಕುಂಬಾರರ ನಡುವೆ ಇದ್ದು ಅವರ ಕಸುಬನ್ನು ಕಲಿಯುತ್ತಿದ್ದ. ಯಾವ ಮಣ್ಣಿಗೆ ಏನು ಹೆಸರು, ಎಲ್ಲಿಂದ ತರುತ್ತೀರಿ, ಏಕೆ ಬೆರೆಸುತ್ತೀರಿ ಎಂದು ಒಂದೊಂದನ್ನೂ ಕೇಳಿ ಬರೆದುಕೊಂಡ. ಅವರು ಒಂದು ಮಣ್ಣಿಗೆ ‘ಸಾಕ್ ಲುಉಮ್’ ಎನ್ನುತ್ತಿದ್ದರು. ಮಾಯಾ ಭಾಷೆಯಲ್ಲಿ ಹಾಗೆಂದರೆ ಬಿಳಿ ಮಣ್ಣು. ಅದರ ಮಾದರಿಯನ್ನು ತೆಗೆದುಕೊಂಡು ಹೋಗಿ ಕ್ಷಕಿರಣದಿಂದ ಪರೀಕ್ಷೆ ಮಾಡಿಸಿದಾಗ ಅದು ಪಾಲಿಗೋರ್ಸ್ಕೈಟೇ ಎಂದು ಗೊತ್ತಾಯಿತು.

ಆ ನಾಡಿನಲ್ಲಿ ಬಿಳಿಯಾಗಿ ಕಾಣುವ ಮಣ್ಣು ಅದೊಂದೇ ಅಲ್ಲ. ನೆಲವೇ ಸುಣ್ಣಕಲ್ಲಿನದಾದ್ದರಿಂದ ಎಲ್ಲಿ ಅಗೆದರೂ ಬೆಳ್ಳಗೆ. ಅಂಥಲ್ಲಿ ಇದೊಂದನ್ನು ಬೇರೆಯಾಗಿ ಗುರುತಿಸಿ, ಬೇರೆ ಹೆಸರಿಟ್ಟು, ಬೇರೆ ಕೆಲಸಕ್ಕೆ ಬಳಸುತ್ತಿದ್ದರು. ಮಡಕೆ ಮಾಡುವ ಮಿಶ್ರಣದಲ್ಲಿ ಅದಕ್ಕೆ ಸ್ಥಾನವಿತ್ತು. ಹೊಟ್ಟೆ ಕೆಟ್ಟು ಭೇದಿಯಾದಾಗ ನೀರಿನಲ್ಲಿ ಕದಡಿ ಕುಡಿಸುವುದೂ ಇತ್ತು. ಇದನ್ನು ಕೇಳಿ ನಗಬೇಡಿ. ಇದೇ ಜಾತಿಯ ಜೇಡಿ ಭೇದಿ ನಿಲ್ಲಿಸುವ ಮಾತ್ರೆಗಳಲ್ಲಿ ಬಳಕೆಯಾಗಿದೆ. ಹಾಗೆಂದು ಹೊಲದ ಮಣ್ಣನ್ನು ಯಾರೂ ಕುಡಿಯತಕ್ಕದ್ದಲ್ಲ. ಅದರಲ್ಲಿ ಹುಳುವಿನ ಮೊಟ್ಟೆ, ಔಷಧಿ ಸಿಂಪಡಿಸಿದ ಶೇಷ ಏನು ಬೇಕಾದರೂ ಇರಬಹುದು.

ಟಿಕುಲ್‌ಗೆ ಸಮೀಪದಲ್ಲಿ ಸಾಕಾಲುಮ್ ಎಂಬ ಹಳ್ಳಿ ಇದೆ. ಹೆಸರನ್ನು ಇನ್ನೊಮ್ಮೆ ಓದಿ ನೋಡಿ: ಊರಿಗೇ ಬಿಳಿ ಮಣ್ಣು ಎಂದು ಹೆಸರು! ಅಲ್ಲಿ ಊರ ನಡುವಿನ ಸೆನೋಟೆಯೊಳಗೆ ಇಳಿದು ಈ ಮಣ್ಣನ್ನು ತೋಡುತ್ತಿದ್ದರು. ನಮ್ಮಲ್ಲಿಯೂ ಕೆರೆಯಿಂದ, ಗಿಡದಿಂದ, ಕಲ್ಲಿನಿಂದ ಹೆಸರು ಪಡೆದ ಊರುಗಳು ಎಷ್ಟಿಲ್ಲ? ಹೆಸರನ್ನು ದಿನವೂ ಕರೆಯುತ್ತೇವೆ, ಅದರಲ್ಲಿ ಅಡಗಿರುವ ಸಂಗತಿಯನ್ನು ಕೇಳುವುದಿಲ್ಲ.

ಸ್ಪೇನಿನವರು ಬಂದ ಮೇಲೂ ಕೆಲಕಾಲ ಈ ಬಣ್ಣ ನಡೆಯಿತು. 16ನೇ ಶತಮಾನದಲ್ಲಿ ಕಟ್ಟಿದ ಕ್ರೈಸ್ತ ಮಠಗಳ ಗೋಡೆಚಿತ್ರಗಳಲ್ಲಿಯೂ ಅದು ಇದೆ. ಅನಂತರ ಮಾಡುವವರು ಕಡಿಮೆಯಾಗಿ, ಕ್ರಮ ಮರೆತುಹೋಯಿತು. ಬರೆದಿಟ್ಟ ಪಾಕ ಯಾವುದೂ ದೊರೆತಿಲ್ಲ. ಮಣ್ಣಿನ ಹೆಸರು ಮಾತ್ರ ಕುಂಬಾರರ ಬಾಯಲ್ಲಿ ಉಳಿದಿತ್ತು. ಅವರನ್ನು ಮೊದಲೇ ಕೇಳಿದ್ದರೆ ಆ 35 ವರ್ಷಗಳಲ್ಲಿ ಎಷ್ಟೋ ಉಳಿಯುತ್ತಿತ್ತೆಂದು ನಮಗೆ ಅನ್ನಿಸುತ್ತದೆ.

ಮಣ್ಣಿನ ಒಳಗಣ ಓಣಿಗಳು

ಯಾವ ಜೇಡಿಯಾದರೂ ಏಕೆ ಆಗುವುದಿಲ್ಲ? ಇದನ್ನು ನಿಮ್ಮ ಹೊಲದ ಮಣ್ಣಿನಿಂದಲೇ ತಿಳಿಯಬಹುದು. ಎರೆಭೂಮಿಯ ಒಕ್ಕಲಿಗನಿಗೆ ಗೊತ್ತು, ಮಳೆ ಬಂದರೆ ಎರೆ ಉಬ್ಬುತ್ತದೆ, ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಅದರ ಜೇಡಿಕಣಗಳು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತಿರುತ್ತವೆ. ನೀರು ಹಾಳೆಗಳ ನಡುವೆ ನುಗ್ಗಿ ಅವನ್ನು ಅಗಲಿಸುತ್ತದೆ, ಒಣಗಿದಾಗ ಅವು ಮತ್ತೆ ಮುಚ್ಚಿಕೊಳ್ಳುತ್ತವೆ. ಕೆಮ್ಮಣ್ಣಿನಲ್ಲಿ ಹೆಚ್ಚಾಗಿರುವ ಜೇಡಿಯೂ ಹಾಳೆಯದೇ. ಆದರೆ ಅದರ ಹಾಳೆಗಳು ಬಿಗಿಯಾಗಿ ಅಂಟಿರುವುದರಿಂದ ನೀರು ನಡುವೆ ಹೋಗದು, ಅಷ್ಟಾಗಿ ಉಬ್ಬದು.

ಪಾಲಿಗೋರ್ಸ್ಕೈಟ್ ಈ ಎರಡೂ ಬಗೆಯದಲ್ಲ. ಅದರ ಕಣ ಹಾಳೆಯಲ್ಲ, ಕಡ್ಡಿ. ಬಹಳ ಶಕ್ತಿಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಲ್ಲಿನ ಮೆದೆ ಕೆದರಿದಂತೆ ಕಾಣುತ್ತದೆ. ಹುಲ್ಲುಕಡ್ಡಿಯ ಒಳಗೆ ಟೊಳ್ಳಿರುವಂತೆ ಈ ಕಡ್ಡಿಗಳ ಉದ್ದಕ್ಕೂ ಓಣಿಗಳಿವೆ. ಓಣಿಯ ಅಗಲ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮಾಮೂಲಾಗಿ ಅದರಲ್ಲಿ ನೀರು ತುಂಬಿರುತ್ತದೆ. ಕಾಯಿಸಿದಾಗ ಆ ನೀರು ಹೊರಬೀಳುತ್ತದೆ, ಜಾಗ ತೆರವಾಗುತ್ತದೆ. ಪಕ್ಕದಲ್ಲಿ ನೀಲಿಯ ಕಣ ಇದ್ದರೆ ಅದು ಆ ಜಾಗಕ್ಕೆ ಸೇರಿ ಜೇಡಿಯೊಂದಿಗೆ ಬೆಸೆದುಕೊಳ್ಳುತ್ತದೆ. ಕಣಜದೊಳಗೆ ಕಾಳು ಹೋದಂತೆ ಪೂರ್ತಿ ಒಳಗೆ ಹೋಗುತ್ತದೆಯೋ, ಓಣಿಯ ಬಾಯಲ್ಲಿ ಬೆಣೆ ಹೊಡೆದಂತೆ ಕೂರುತ್ತದೆಯೋ ಎಂಬುದರಲ್ಲಿ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಹೇಗೇ ಕೂತರೂ ಬಿಸಿಲಿಗಾಗಲಿ ಆಮ್ಲಕ್ಕಾಗಲಿ ಅದು ಸುಲಭವಾಗಿ ಸಿಕ್ಕುವುದಿಲ್ಲ. ಬಣ್ಣ ಕೂಡ ಸ್ವಲ್ಪ ಬದಲಾಗಿ, ಬಿಲ್ಲೆಯ ಕಡು ನೀಲಿ ಹೋಗಿ ಹಸಿರು ಛಾಯೆಯ ತಿಳಿ ನೀಲಿ ಬರುತ್ತದೆ.

ಇದರಲ್ಲಿ ಹದ ಮುಖ್ಯ. ನೂರು ಭಾಗ ಮಣ್ಣಿಗೆ ಒಂದೆರಡು ಭಾಗ ನೀಲಿ ಸಾಕು. ಹೆಚ್ಚು ಹಾಕಿದರೆ ಮಿಕ್ಕದ್ದು ಓಣಿ ಸಿಗದೆ ಹೊರಗೇ ಉಳಿದು ಮಾಸಿಹೋಗುತ್ತದೆ. ಶಾಖವೂ ಹಾಗೆಯೇ. ನೀರು ಕುದಿಯುವಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು, ಸುಮಾರು 100ರಿಂದ 150 ಡಿಗ್ರಿಯವರೆಗೆ ಗಂಟೆಗಟ್ಟಲೆ ಇರಬೇಕು. ಕುಂಬಾರನ ಆವಿಗೆಯಲ್ಲಿಟ್ಟರೆ ಬಣ್ಣ ಸುಟ್ಟು ಹೋದೀತು. ಆದ್ದರಿಂದಲೇ ಮಾಯಾ ಕುಂಬಾರರು ಈ ನೀಲಿಯನ್ನು ಮಡಕೆ ಸುಟ್ಟಾದ ಮೇಲೆ ಬಳಿಯುತ್ತಿದ್ದರು.

ಅವರು ಕೈಯಲ್ಲಿ ಇದನ್ನು ಹೇಗೆ ಮಾಡುತ್ತಿದ್ದರೆಂಬುದಕ್ಕೆ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ಸೊಪ್ಪು ನೆನೆಸಿದ ನೀರಿಗೇ ಜೇಡಿ ಹಾಕಿ ಬಡಿಯುವುದರಿಂದ ಬಣ್ಣ ನೇರವಾಗಿ ಜೇಡಿಗೆ ಹಿಡಿಯುವಂತೆ ಮಾಡಬಹುದೆಂದು ಮೆಕ್ಸಿಕೋದ ರೆಯೆಸ್ ವಲೇರಿಯೊ 1993ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಿಳಿಸಿದ್ದಾರೆ. 2008ರಲ್ಲಿ ಅರ್ನಾಲ್ಡ್ ಮತ್ತು ಸಂಗಡಿಗರು ಇನ್ನೊಂದು ಸಂಗತಿಯನ್ನು ಹೊರಗೆಡಹಿದರು. ಪವಿತ್ರ ಸೆನೋಟೆಯಿಂದ ತೆಗೆದ ಮೂರು ಕಾಲಿನ ಒಂದು ಬಟ್ಟಲು ಅಮೆರಿಕದ ಚಿಕಾಗೊ ನಗರದ ಫೀಲ್ಡ್ ವಸ್ತುಸಂಗ್ರಹಾಲಯದಲ್ಲಿ ಹಲವು ದಶಕಗಳಿಂದ ಇತ್ತು. ಅದರಲ್ಲಿ ಗಟ್ಟಿಯಾಗಿದ್ದ ಕೋಪಾಲ್ ಎಂಬ ಧೂಪದ ಅಂಟನ್ನು ಪರೀಕ್ಷಿಸಿದಾಗ, ಬಿಳಿ ಜೇಡಿಯ ಚೂರುಗಳೂ ನೀಲಿಯೂ ಒಟ್ಟಿಗೆ ಕಂಡವು. ನಮ್ಮಲ್ಲಿ ಸಾಂಬ್ರಾಣಿ ಹಾಕುವಂತೆ ಅವರು ದೇವರ ಮುಂದೆ ಕೋಪಾಲ್ ಹಾಕುತ್ತಿದ್ದರು. ಧೂಪದ ಆ ಮಂದ ಬೆಂಕಿಯಲ್ಲಿಯೇ ಬಣ್ಣ ಪಕ್ವವಾಗುತ್ತಿತ್ತು, ಅಂದರೆ ಪೂಜೆಯ ಅಂಗವಾಗಿಯೇ ಬಾವಿಯ ದಂಡೆಯಲ್ಲಿ ಬಣ್ಣ ತಯಾರಾಗುತ್ತಿತ್ತು ಎಂಬುದು ಅವರ ಅಭಿಪ್ರಾಯ.

ನಮ್ಮ ಹೊಲಕ್ಕೆ ಇದರಿಂದೇನು?

ನೀವು ಇದನ್ನು ಕೇಳಿಯೇ ಕೇಳುವಿರಿ, ಕೇಳತಕ್ಕದ್ದೇ. ಈ ಬಣ್ಣ ಮಾಡಿ ಹಣ ಗಳಿಸಬಹುದೆಂಬ ಆಸೆಯಿಂದ ನೀಲಿ ಬಿತ್ತಿರೆಂದು ನಾವು ಹೇಳುವುದಿಲ್ಲ. ನಮ್ಮ ಎರೆಯಲ್ಲಾಗಲಿ ಕೆಮ್ಮಣ್ಣಿನಲ್ಲಾಗಲಿ ಆ ಬಣ್ಣ ನಿಲ್ಲದು. ನೀಲಿಯ ಪೇಟೆಯನ್ನು ನಂಬಿ ಕೆಟ್ಟವರ ಕಥೆ ನಮ್ಮ ದೇಶದಲ್ಲಿ ದೊಡ್ಡದಿದೆ. ಬಂಗಾಳದ ರೈತರು ತೋಟದ ದೊರೆಗಳ ಬಲವಂತಕ್ಕೆ 1859ರಲ್ಲಿ ತಿರುಗಿಬಿದ್ದರು. ಬಿಹಾರದ ಚಂಪಾರಣದಲ್ಲಿ ಇಪ್ಪತ್ತು ಪಾಲು ಭೂಮಿಯಲ್ಲಿ ಮೂರು ಪಾಲು ನೀಲಿಗೇ ಬಿಡಬೇಕೆಂಬ ಕಟ್ಟಳೆ ಇತ್ತು. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದು ಬೆಲೆ ಬಿದ್ದಾಗ, ನಷ್ಟದ ಹೊರೆಯನ್ನೂ ರೈತರ ಮೇಲೆಯೇ ಹೇರಿದರು. 1917ರಲ್ಲಿ ಗಾಂಧೀಜಿಯವರು ಅಲ್ಲಿಗೆ ಹೋದದ್ದು ಅದರಿಂದಲೇ. ಸೊಪ್ಪಿನ ನೀಲಿಯನ್ನು ಕೈಮಗ್ಗದವರು ಈಗಲೂ ಕೊಳ್ಳುತ್ತಾರೆ, ತಮಿಳುನಾಡು ಮತ್ತು ಆಂಧ್ರದ ಕೆಲವು ಕಡೆ ಈಗಲೂ ಬೆಳೆಯುತ್ತಾರೆ. ಕೊಳ್ಳುವವನನ್ನು ಗೊತ್ತುಮಾಡಿಕೊಳ್ಳದೆ ಬಿತ್ತುವುದು ಮಾತ್ರ ಬೇಡ.

ಗಿಡದ ಇನ್ನೊಂದು ಗುಣ ಪೇಟೆಯನ್ನು ಕಾಯುವುದಿಲ್ಲ. ದ್ವಿದಳ ಕುಲದ್ದಾದ್ದರಿಂದ ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಹೂ ಬಿಡುವ ಮುನ್ನ ಉತ್ತು ಮಣ್ಣಿಗೆ ಸೇರಿಸಿದರೆ ಸೆಣಬು, ಹೊಂಗೆಸೊಪ್ಪುಗಳಂತೆ ಹಸಿರು ಗೊಬ್ಬರವಾಗುತ್ತದೆ. ಬಣ್ಣ ತೆಗೆದು ಉಳಿದ ಸೊಪ್ಪಿನ ಚರಟವೂ ಒಳ್ಳೆಯ ಗೊಬ್ಬರವೇ.

ಇನ್ನು ಮಣ್ಣು. ನಿಮ್ಮೂರಿನ ನಾಲ್ಕು ಕಡೆಯ ಮಣ್ಣಿನ ಒಣ ಹೆಂಟೆಗಳನ್ನು ಶಾಲೆಯ ಮಕ್ಕಳಿಂದ ತರಿಸಿ, ನಾಲ್ಕು ಗಾಜಿನ ಲೋಟಗಳಲ್ಲಿ ನೀರಿಗೆ ಮೆಲ್ಲಗೆ ಬಿಡಿಸಿ ನೋಡಿ. ಯಾವುದು ಕೂಡಲೆ ಕುಸಿಯಿತು, ಯಾವುದು ಉಬ್ಬಿತು, ಯಾವುದು ಗಟ್ಟಿಯಾಗಿ ನಿಂತಿತು, ಯಾವ ನೀರು ಮಾರನೆಯ ದಿನವೂ ಕದಡಿಯೇ ಇತ್ತು ಎಂಬುದನ್ನು ಮಕ್ಕಳು ಬರೆದುಕೊಳ್ಳಲಿ. ಊರಿನಲ್ಲಿ ಕುಂಬಾರಿಕೆ ಮಾಡುತ್ತಿದ್ದ ಹಿರಿಯರು ಯಾರಾದರೂ ಉಳಿದಿದ್ದರೆ ಅವರನ್ನು ಶಾಲೆಗೆ ಕರೆಯಿರಿ. ಮಡಕೆಗೆ ಯಾವ ಕೆರೆಯ ಮಣ್ಣು, ಹಂಚಿಗೆ ಯಾವುದು, ಗೋಡೆ ಸಾರಿಸಲು ಯಾವುದು, ಒಂದೊಂದಕ್ಕೂ ಅವರು ಹೇಳುವ ಹೆಸರೇನು ಎಂಬುದನ್ನು ಕೇಳಿ, ಸ್ಥಳದ ಗುರುತಿನೊಂದಿಗೆ ಅದೇ ಪುಸ್ತಕದಲ್ಲಿ ಬರೆಸಿಡಿ.